ಕಿವಿಯಪ್ಪನ ಕುರ್ಚಿ

ತಮ್ಮನ ಕಾಲು ಮುರಿದ ಸುದ್ದಿ ಕೇಳಿ ಕಿವಿಯಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಡಹುಟ್ಟಿದವನ ಕಾಲು ಮುರಿದರೆ ಯಾರಾದರೂ ಸಂತೋಷಪಡುತ್ತಾರೆಯೇ ಎಂದು ನೀವು ಕೇಳಿದರೆ, ಅದು ನಿಮ್ಮ ಒಳ್ಳೆಯತನ. ಕಿವಿಯಪ್ಪನಿಗೆ ಆ ಕಾಯಿಲೆ ಇರಲಿಲ್ಲ. ಅಂಗಡಿಯ ಮುಂಭಾಗದ ಕೌಂಟರಿನಲ್ಲಿ ಕೂತಿದ್ದ ಹೆಂಡತಿ ಫೋನು ಕೆಳಗಿಟ್ಟು, "ಏಣಿ ಮೇಲಿಂದ ಬಿದ್ದನಂತೆ ರೀ ನಿಮ್ಮ ತಮ್ಮ. ಮೊಣಕಾಲ ಕೆಳಗೆ ಮುರಿದಿದೆಯಂತೆ. ಅಂಗಡಿ ಮೇನ್ ಸ್ವಿಚ್ ಆರಿಸಿ ಬಾಗಿಲು ಹಾಕಿದ್ದಾರೆ" ಎಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ದಿನ ಹಾಕಿರ್ತಾನಂತೆ?"

"ಕಾಲು ಹೇಗಿದೆ ಅಂತ ಕೇಳಿ ಮೊದಲು."

"ಮುರಿದಿದೆ ಅಂತ ನೀನೇ ಹೇಳಿದ್ಯಲ್ಲ. ಇನ್ನೇನು ಕೇಳೋದು?"

ಅಣ್ಣ ತಮ್ಮಂದಿರದು ಎಣ್ಣೆ ಸೀಗೇಕಾಯಿ ಸಂಬಂಧ. ಈಗ ಎರಡಾಗಿರುವ ಅಂಗಡಿ ಹಿಂದೆ ಒಂದೇ ಆಗಿತ್ತು. ರೇಡಿಯೊ ರಿಪೇರಿ ಮಾಡುತ್ತಿದ್ದ ಅಪ್ಪ ಕಟ್ಟಿದ್ದು. ಮಕ್ಕಳ ಕಾಲಕ್ಕೆ ಅದು ದುಬಾರಿ ಸ್ಪೀಕರುಗಳ ಅಂಗಡಿಯಾಯಿತು. ದೊಡ್ಡ ಮನೆ ಕಟ್ಟಿಸಿದವರು, ಮಕ್ಕಳ ಓದು ಮುಗಿಸಿ ಕೈಯಲ್ಲಿ ನಾಲ್ಕು ಕಾಸು ಉಳಿಸಿಕೊಂಡವರು ಬಂದು, ಆಳೆತ್ತರದ ಮರದ ಪೆಟ್ಟಿಗೆಗಳ ಮುಂದೆ ಕೂತು ಕಣ್ಣು ಮುಚ್ಚಿ ಕೇಳುವಂಥ ಅಂಗಡಿ. ಹಿಂಭಾಗದಲ್ಲಿ ಒಂದು ಉದ್ದನೆಯ ಕೋಣೆ. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಇಮ್ಮಡಿ ಪರದೆ. ಸರಿಯಾಗಿ ನಡುವೆ ಒಂದೇ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಗಿರಾಕಿ ಕೂರಬಹುದು, ಇಲ್ಲವೇ ಕಿವಿಯಪ್ಪ ಕೂರಬಹುದು. ಮೂರನೆಯವರಿಗೆ ಅಲ್ಲಿ ಕೆಲಸವಿರಲಿಲ್ಲ.

ಜಗಳ ಹುಟ್ಟಿದ್ದು ಸಬ್‌ವೂಫರ್ ಎಂಬ ಡಬ್ಬಿಯಿಂದ. ಎಷ್ಟೇ ಒಳ್ಳೆಯ ಸ್ಪೀಕರಾದರೂ ತೀರ ತಳದ ಸ್ವರ, ಕಿವಿಗಿಂತ ಎದೆಗೆ ಮೊದಲು ತಾಗುವಂಥದ್ದು, ಅದರಿಂದ ಪೂರ್ತಿ ಬರುವುದಿಲ್ಲ, ಅದಕ್ಕೆ ಬೇರೆ ಡಬ್ಬಿಯೇ ಬೇಕು ಎಂದು ತಮ್ಮನ ವಾದ. ಆದರೆ ಸಿಕ್ಕಿದ ಡಬ್ಬಿ ತಂದಿಟ್ಟರಾಗದು. ಸ್ಪೀಕರು ಎಲ್ಲಿ ಕೈ ಬಿಡುತ್ತದೋ ಅಲ್ಲೇ ಅದು ಕೈ ಹಿಡಿಯಬೇಕು. ಸ್ಪೀಕರಿಗಿಂತ ಹಿಂದೆ ಬೀಳಬಾರದು, ಮುಂದೆ ಓಡಬಾರದು. ಡಬ್ಬಿ ಇದೆಯೆಂದು ಕೇಳುವವನಿಗೆ ಗೊತ್ತಾಗಲೇಬಾರದು, ತೆಗೆದಾಗ ಮಾತ್ರ ಏನೋ ಕಳೆದುಹೋಯಿತು ಅನ್ನಿಸಬೇಕು. ತಮ್ಮ ಇದನ್ನು ಹೇಳಲು ಹೊರಟಾಗಲೆಲ್ಲ ಅಣ್ಣ ನಗುತ್ತಿದ್ದ. ಗುಡುಗುಡು ಡಬ್ಬಿ ಬಾಡಿಗೆ ಕಾರಿನವರಿಗೆ, ನನ್ನ ಸ್ಪೀಕರಿಗೆ ಊರುಗೋಲು ಬೇಡ ಅನ್ನುತ್ತಿದ್ದ. ಒಂದು ದಿನ ಗಿರಾಕಿಗಳ ಎದುರೇ ಮಾತಿಗೆ ಮಾತು ಬೆಳೆಯಿತು.

"ಹೊಂದಿಸಿಟ್ರೆ ನಿನಗೂ ಗೊತ್ತಾಗಲ್ಲ" ಎಂದ ತಮ್ಮ.

"ನನಗೆ? ನನ್ನ ಕಿವಿಗೆ? ನನಗೆ ಗೊತ್ತಾಗದ ಹಾಗೆ ಒಂದು ಡಬ್ಬಿ ಸೇರಿಸಿ ತೋರಿಸು. ಅವತ್ತೇ ಈ ಕುರ್ಚಿ ಬಿಟ್ಟು ಏಳ್ತೀನಿ. ಮತ್ತೆ ಕೂರಲ್ಲ."

ಆಡಿದ ಮಾತು ಆಡಿಹೋಯಿತು. ಆ ವರ್ಷವೇ ಪಾಲಾಯಿತು. ಸ್ಪೀಕರುಗಳು ಅಣ್ಣನಿಗೆ, ಡಬ್ಬಿಗಳು ತಮ್ಮನಿಗೆ. ಒಟ್ಟಿಗೆ ಕೇಳಿ ಆರಿಸಬೇಕಾದ ಎರಡು ವಸ್ತುಗಳನ್ನು ಹೀಗೆ ಪಾಲು ಮಾಡುವುದು ಚಪ್ಪಲಿ ಜೊತೆಯನ್ನು ಎಡ ಬಲ ಎಂದು ಹಂಚಿಕೊಂಡ ಹಾಗೆ. ಆದರೆ ಸಿಟ್ಟಿಗೆ ಬುದ್ಧಿ ಎಲ್ಲಿರುತ್ತದೆ? ಉದ್ದನೆಯ ಕೋಣೆಗೆ ಅಡ್ಡಲಾಗಿ, ಕುರ್ಚಿಯ ಬೆನ್ನಿಗೇ, ಪ್ಲೈವುಡ್ಡಿನ ಗೋಡೆ ಎದ್ದಿತು. ಆ ಕಡೆ ಸೀನಿದರೆ ಈ ಕಡೆ ಕೇಳುವಂಥ ಗೋಡೆ. ಅಲ್ಲಿಂದ ಮುಂದೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕಿವಿಯಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಅರ್ಧ ಗೌರವಕ್ಕೆ, ಅರ್ಧ ತಮಾಷೆಗೆ. ಬೀದಿಗಿಳಿದರೆ ಎರಡು ಕಿವಿಗೂ ಹತ್ತಿ ತುರುಕಿಕೊಂಡು ನಡೆಯುತ್ತಿದ್ದ. ಗಿರಾಕಿ ಬರುವ ದಿನ ಬೆಳಗಿನಿಂದ ಗಟ್ಟಿ ಪದಾರ್ಥ ಕಡಿಯುತ್ತಿರಲಿಲ್ಲ, ದವಡೆಯ ಸದ್ದು ಕಿವಿಗೆ ದಣಿವಂತೆ. ಅಪ್ಪನ ಕಾಲದ ಆಂಪ್ಲಿಫೈಯರ್ ಒಂದನ್ನು ಹಾಗೇ ಇಟ್ಟುಕೊಂಡಿದ್ದ. ಯಾವ ಸ್ಪೀಕರು ಬಂದರೂ ಅದರಿಂದ ಬಂದ ವೈರಿಗೇ ಜೋಡಿಸಿ ಕೇಳಿಸುವುದು, ತಕ್ಕಡಿ ಬದಲಾಯಿಸಿದರೆ ತೂಕ ಹೇಗೆ ನಂಬುವುದು ಎಂಬ ವಾದ. ಆ ಆಂಪ್ಲಿಫೈಯರನ್ನು ಯಾರೂ ಅಲ್ಲಾಡಿಸುವ ಹಾಗಿರಲಿಲ್ಲ, ಹಿಂಭಾಗದ ಧೂಳು ಕೂಡ ಅಪ್ಪನ ಕಾಲದ್ದೇ. ಹೆಂಡತಿ ಒಳಗೆ ಬಂದರೆ ಬಟ್ಟೆ ಸರಪರ ಅನ್ನುತ್ತದೆ ಎಂದು ಬೈಯುತ್ತಿದ್ದ. ಅವಳೊಮ್ಮೆ ಬಾಗಿಲಲ್ಲಿ ನಿಂತು, "ಎಡಗಡೆದು ಸ್ವಲ್ಪ ಮಂಕಾಗಿದೆ ಅಲ್ವಾ?" ಎಂದಿದ್ದಕ್ಕೆ, ಗಿರಾಕಿಯ ಎದುರೇ, "ಕುಕ್ಕರ್ ಸೀಟಿ ಬಿಟ್ರೆ ನಿನಗೆ ಇನ್ನೇನು ಕೇಳ್ಸತ್ತೆ? ಹೋಗು, ಬಿಲ್ ನೋಡ್ಕೋ" ಎಂದಿದ್ದ. ಗಿರಾಕಿ ನಕ್ಕ. ಅವಳು ಹೋಗಿ ಬಿಲ್ಲು ನೋಡಿಕೊಂಡಳು. ಆಮೇಲೆ ನೋಡಿದರೆ ಎಡಗಡೆಯ ಸ್ಪೀಕರಿನ ವೈರು ಸಡಿಲವಾಗಿತ್ತು. ಆ ವಿಷಯ ಅವನು ಅವಳಿಗೆ ಹೇಳಲಿಲ್ಲ.

ವ್ಯಾಪಾರ ಮಾತ್ರ ಕುದುರಿತು. ಆ ಕೋಣೆಯಲ್ಲಿ ಕೂತವರು ಬೆರಗಾಗಿ ಏಳುತ್ತಿದ್ದರು. "ಇಷ್ಟು ತೆಳ್ಳಗಿನ ಸ್ಪೀಕರಿಂದ ಇಷ್ಟು ಆಳದ ಬೇಸ್ ಹೇಗೆ ಬರತ್ತೆ?" ಅನ್ನುವರು. ಕಿವಿಯಪ್ಪ ಗೋಡೆಯಾಚೆಗೂ ಕೇಳಲಿ ಎಂದು ಗಟ್ಟಿಯಾಗಿ, "ಆರಿಸೋ ಕಿವಿ ಬೇಕು ಸ್ವಾಮಿ, ಡಬ್ಬಿ ಅಲ್ಲ" ಅನ್ನುವನು. ಕೆಲವರು ಮನೆಗೆ ಒಯ್ದ ಮೇಲೆ ವಾಪಸು ಬಂದು ಇಲ್ಲಿ ಕೇಳಿದ್ದು ಮನೆಯಲ್ಲಿ ಕೇಳುತ್ತಿಲ್ಲ ಎಂದು ರಾಗ ಎಳೆಯುತ್ತಿದ್ದರು. ಅವರಿಗೆ ಅವನ ಉತ್ತರ ಸಿದ್ಧವಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯಲ್ಲಿ, ಅವನ ಮಟ್ಟಿಗೆ, ಅವಳು ಹೇಳಿದ್ದೇ ನಿಜ. ಅವನ ಸ್ಪೀಕರು ಯಾವಾಗಲೂ ಸರಿ, ಗಿರಾಕಿಯ ಮನೆಯ ನೆಲವೇ ಡೊಂಕು. ಹೆಂಡತಿ, "ನಾನು ಮಾತಾಡಿ ಕಳಿಸ್ತೀನಿ, ನೀವು ಒಳಗೆ ಹೋಗಿ" ಅನ್ನುವಳು. ಅವಳು ಏನು ಮಾತಾಡುತ್ತಿದ್ದಳೋ, ಅವರು ಮತ್ತೆ ದೂರು ತರುತ್ತಿರಲಿಲ್ಲ. ತನ್ನ ಮಾತಿನ ಪೆಟ್ಟು ಎಂದು ಕಿವಿಯಪ್ಪ ಮೀಸೆ ತಿರುವುತ್ತಿದ್ದ.

ತಮ್ಮನ ಬಾಗಿಲಿಗೆ ಬೀಗ ಬಿದ್ದ ವಾರ ಹಲ್ಲಿನ ಡಾಕ್ಟರು ಬಂದರು. ಹಿಂದಿನ ತಿಂಗಳೇ ಬಂದು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದುಬಾರಿ ಜೋಡಿಯನ್ನು ಕೇಳಿ ತಲೆದೂಗಿ ಹೋಗಿದ್ದರು. ಇವತ್ತು ಗಟ್ಟಿ ಮಾಡಲು ಬಂದದ್ದು. ಮನುಷ್ಯ ಬಾಯಿ ಬಿಟ್ಟರೆ ಚುಚ್ಚುವ ಪೈಕಿ, ಕಸುಬಿನ ಗುಣವಿರಬೇಕು. ತಾವೇ ತಂದ ಸೀಡಿ ಹಾಕಿಸಿ ಕುರ್ಚಿಯಲ್ಲಿ ಕೂತರು. ದೊಡ್ಡ ನಗಾರಿಗಳು ದೂರದಿಂದ ಹತ್ತಿರ ಬರುವ ಭಾಗ. ನಗಾರಿಗಳು ಬಂದವು, ಆದರೆ ಯಾರೋ ಮೇಜಿನ ಮೇಲೆ ಬೆರಳು ಬಡಿದ ಹಾಗೆ ಬಂದು ಹೋದವು. ಡಾಕ್ಟರು ಕಣ್ಣು ತೆರೆದರು.

"ಏನ್ರೀ ಇದು? ಅವತ್ತು ನೆಲ ನಡುಗಿತ್ತು. ಪೆಟ್ಟಿಗೆ ಬದಲಾಯಿಸಿದ್ದೀರಾ?"

"ಅದೇ ಪೆಟ್ಟಿಗೆ ಸ್ವಾಮಿ. ಇವತ್ತು ನಿಮಗೆ ಶೀತ ಏನಾದ್ರೂ..."

"ನನಗೆ ಶೀತ ಇಲ್ಲ. ನಿಮಗೆ ನಾಚಿಕೆ ಇಲ್ಲ. ತೋರಿಸೋದೊಂದು, ಕಟ್ಟಿ ಕೊಡೋದೊಂದು ಅನ್ನೋದು ಹಣ್ಣಿನ ಅಂಗಡೀಲಿ ನೋಡಿದ್ದೆ, ಇಲ್ಲೂ ಶುರುವಾಯ್ತಾ? ಮುಂದಿನ ವಾರ ಬರ್ತೀನಿ. ಅವತ್ತಿನ ಹಾಗೆ ಕೇಳಿಸಲಿಲ್ಲ ಅಂದ್ರೆ ನಿಮ್ಮ ಕಿವಿ ಕಥೆ ಎಂಥದ್ದು ಅಂತ ಊರಿಗೆಲ್ಲ ಹೇಳ್ತೀನಿ."

ಕಿವಿಯಪ್ಪ ಅವರ ಜೊತೆ ಜಗಳವಾಡಲಿಲ್ಲ. ಯಾಕೆಂದರೆ ತಳ ಕಾಣೆಯಾದದ್ದು ಅವನಿಗೂ ಕೇಳಿಸಿತ್ತು. ಅವರು ಹೋದ ಮೇಲೆ ಬಾಗಿಲು ಮುಚ್ಚಿ, ಇದ್ದಬದ್ದ ಎಲ್ಲ ಜೋಡಿಗಳನ್ನೂ ಒಂದಾದ ಮೇಲೊಂದು ಹಾಕಿ ಕೇಳಿದ. ಯಾವುದರಲ್ಲೂ ತಳದ ಸ್ವರವಿಲ್ಲ. ಎಲ್ಲ ಸ್ಪೀಕರೂ ಒಟ್ಟಿಗೆ ಕೆಡಲಾರವು. ಕೆಟ್ಟದ್ದು ಬೇರೆ ಏನೋ. ಹಣ ಹೋಗಲಿ, ಗಿರಾಕಿ ಹೋಗಲಿ, ಈ ಕಿವಿ ಹೋದರೆ ಅವನ ಹತ್ತಿರ ಇನ್ನೇನಿದೆ? ಓದಿಲ್ಲ, ಸ್ನೇಹಿತರಿಲ್ಲ, ತಮ್ಮನನ್ನು ಬಿಟ್ಟಾಯಿತು, ಹೆಂಡತಿಯ ಜೊತೆ ಬಿಲ್ಲಿನ ಆಚೆಗೆ ಮಾತಿಲ್ಲ. ತನಗಿರುವುದು ಎರಡು ಕಿವಿ, ಒಂದು ಕುರ್ಚಿ ಎಂದು ಅವನಿಗೆ ಮೊದಲ ಬಾರಿಗೆ ಭಯವಾಯಿತು.

ಮರುದಿನ ಯಾರಿಗೂ ಹೇಳದೆ ಕಿವಿ ಡಾಕ್ಟರ ಬಳಿ ಹೋದ. ಗಾಜಿನ ಗೂಡಿನೊಳಗೆ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತು ಎಂದರು. ಪರೀಕ್ಷೆಗೆ ಕೂತ ಮಗುವಿನ ಹಾಗೆ ಹಲ್ಲು ಕಚ್ಚಿ ಒತ್ತಿದ. ವಯಸ್ಸಿಗೆ ತಕ್ಕ ಹಾಗೆ ಮೇಲಿನ ಸ್ವರ ಒಂದಿಷ್ಟು ಹೋಗಿದೆ, ತಳದ ಸ್ವರ ಚೆನ್ನಾಗಿದೆ, ನಡೀರಿ ಎಂದು ಡಾಕ್ಟರು ಕಳಿಸಿಬಿಟ್ಟರು. ಬೇರೆಯವರಾದರೆ ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಇವನಿಗೆ ತಲೆ ಇನ್ನಷ್ಟು ಕೆಟ್ಟಿತು. ಕಿವಿ ಸರಿ, ಸ್ಪೀಕರು ಸರಿ, ಹಾಗಾದರೆ ಕಾಣೆಯಾದದ್ದು ಏನು?

ಉಳಿದದ್ದು ಆಂಪ್ಲಿಫೈಯರ್ ಒಂದೇ. ಅಂಗಡಿಗೆ ಬಂದವನೇ ಮಂಡಿಯೂರಿ ಅದರ ಹಿಂದೆ ತಲೆ ತೂರಿಸಿದ. ಸ್ಪೀಕರಿನ ವೈರುಗಳು ಇದ್ದವು. ಅವುಗಳ ಪಕ್ಕದಲ್ಲಿ ಇನ್ನೊಂದು ಕಪ್ಪು ವೈರು. ಜಮಖಾನದ ಅಂಚಿನ ಕೆಳಗೆ ನುಸುಳಿ, ಗೋಡೆಯ ಬುಡದಲ್ಲಿ ಹೆಬ್ಬೆಟ್ಟಿನಷ್ಟು ತೂತು, ಅಲ್ಲಿಂದ ಆ ಕಡೆಗೆ. ಕೋಣೆ ಒಂದಾಗಿದ್ದ ಕಾಲದಲ್ಲಿ ತಮ್ಮನೇ ಹಿಂದಿನ ಮೂಲೆಗೆ ಎಳೆದಿದ್ದ ವೈರು ಅದು. ಗೋಡೆ ಎದ್ದ ಮೇಲೆ ಮೂಲೆ ತಮ್ಮನ ಪಾಲಿಗೆ ಹೋಗಿತ್ತು, ವೈರು ಹಾಗೇ ಉಳಿದಿತ್ತು. ಹಿಂದೆ ಇಣುಕಿ ನೋಡುವ ಅಭ್ಯಾಸವಿದ್ದಿದ್ದರೆ ಮೊದಲ ದಿನವೇ ಕಾಣುತ್ತಿತ್ತು.

ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಲ್ಲಿ ಹಾಡು ಹಾಕಿದರೆ ಅಲ್ಲಿ ಡಬ್ಬಿ ಏಳುತ್ತದೆ. ಪ್ಲೈವುಡ್ಡು ತಡೆಯುವುದಿಲ್ಲ. ಇಷ್ಟು ವರ್ಷ ಅವನು ಎದೆ ತಟ್ಟಿಕೊಂಡು ತನ್ನ ಸ್ಪೀಕರಿನದು ಎಂದು ತೋರಿಸಿದ ಆಳವೆಲ್ಲ ತಮ್ಮನ ಡಬ್ಬಿಯದು. ತಮ್ಮನ ಮೇನ್ ಸ್ವಿಚ್ ಆರಿತು, ಅಣ್ಣನ ಬೇಸ್ ಆರಿತು.

"ಕಳ್ಳ. ಗುಳ್ಳೆನರಿ" ಎನ್ನುತ್ತ ಕಿವಿಯಪ್ಪ ಸಾಮಾನಿನ ಪೆಟ್ಟಿಗೆಯಿಂದ ಸುತ್ತಿಗೆ ತೆಗೆದ. "ಬೀಗ ಒಡೀತೀನಿ. ಆ ಡಬ್ಬಿ ಪುಡಿ ಮಾಡ್ತೀನಿ."

ಹೆಂಡತಿ ಕೌಂಟರಿನ ಡ್ರಾಯರು ಎಳೆದು ಒಂದು ಬೀಗದ ಕೈ ಮೇಜಿನ ಮೇಲಿಟ್ಟಳು. "ಬೀಗ ಯಾಕೆ ಒಡೀತೀರಿ. ತಗೊಳ್ಳಿ."

"ಇದು ನಿನ್ನ ಹತ್ರ ಯಾಕಿದೆ?"

"ಹೋಗಿ ನೋಡಿ ಬನ್ನಿ."

ತಮ್ಮನ ಅಂಗಡಿಯಲ್ಲಿ ಬಣ್ಣದ ವಾಸನೆ. ಅವನು ಬಿದ್ದ ಏಣಿ ಇನ್ನೂ ಒರಗಿಕೊಂಡೇ ಇತ್ತು, ಕಿವಿಯಪ್ಪ ಅದಕ್ಕೊಂದು ಒದೆ ಕೊಟ್ಟು ಮುಂದೆ ಹೋದ. ಹಿಂದಿನ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ, ಕೂತಿತ್ತು ಡಬ್ಬಿ. ಅಂಗಡಿಯ ದೊಡ್ಡ ಡಬ್ಬಿಗಳ ಪೈಕಿ ಅಲ್ಲ. ಮೊಣಕಾಲೆತ್ತರದ್ದು, ಚಿಕ್ಕದು. ತೆಳ್ಳಗಿನ ಸ್ಪೀಕರಿನ ಓಟಕ್ಕೆ ಹೆಜ್ಜೆ ಹಾಕಬಲ್ಲಂಥದ್ದನ್ನು ನೋಡಿ ಆರಿಸಿದ್ದು. ಅಷ್ಟು ಸಿಟ್ಟಿನಲ್ಲೂ ಅವನಿಗೆ ಅದು ತಿಳಿಯಿತು. ಸುತ್ತಿಗೆ ಎತ್ತಿದವನು ಅದರ ಬೆನ್ನ ಮೇಲೆ ಸದ್ದು ಏರಿಸಿ ಇಳಿಸುವ ತಿರುಪು ನೋಡಿ ನಿಂತ. ತಿರುಪಿನ ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕಿಗಳು. ಈ ಸ್ಪೀಕರಿಗೆ ಇಲ್ಲಿಗೆ, ಆ ಸ್ಪೀಕರಿಗೆ ಅಲ್ಲಿಗೆ ಎಂದು ಇಟ್ಟ ಗುರುತು. ಉಗುರಿನ ಬಣ್ಣದ ಚುಕ್ಕಿಗಳು. ಆ ಕೆಂಪನ್ನು ಅವನು ದಿನಾ ಬಿಲ್ಲಿನ ಮೇಲೆ ಓಡಾಡುವ ಬೆರಳುಗಳಲ್ಲಿ ನೋಡುತ್ತಿದ್ದ.

ಹಿಂದಿರುಗಿ ನೋಡಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು.

"ನೀನಾ?"

"ನೀವು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗ್ತೀರಲ್ಲ, ಆಗ. ಹೊಸ ಜೋಡಿ ಬಂದಾಗಲೆಲ್ಲ ನಾನು ನಿಮ್ಮ ಕುರ್ಚೀಲಿ ಕೂರ್ತಿದ್ದೆ. ಅವನು ಈ ಕಡೆ ತಿರುಪು ತಿರುಗಿಸೋನು. ಕಡಿಮೆ ಆದ್ರೆ ಗೋಡೆಗೆ ಒಂದು ಸಲ ತಟ್ತಿದ್ದೆ, ಜಾಸ್ತಿ ಆದ್ರೆ ಎರಡು ಸಲ. ಸರಿ ಆದ್ರೆ ತಟ್ತಿರ್ಲಿಲ್ಲ. ಆಮೇಲೆ ಬಂದು ಚುಕ್ಕಿ ಇಟ್ಟು ಹೋಗ್ತಿದ್ದೆ, ಗಿರಾಕಿ ಬಂದಾಗ ಯಾವ ಚುಕ್ಕಿ ಅಂತ ಅವನಿಗೆ ಫೋನಲ್ಲಿ ಹೇಳ್ತಿದ್ದೆ."

"ಹೊಂದಿಸಿದ್ದು ಅವನಲ್ವಾ?"

"ಅವನು ಹೇಗೆ ಹೊಂದಿಸ್ತಾನೆ? ಹೊಂದಿಸೋದು ಕೂತು ಕೇಳೋ ಜಾಗದಿಂದ ತಾನೆ. ಅವನ ಕಿವಿ ಗೋಡೆ ಆಚೆ ಇತ್ತು."

ಕಿವಿಯಪ್ಪನ ಬಾಯಿಂದ ಹೊರಟದ್ದು ವಿಷವೇ. "ಇಬ್ಬರೂ ಸೇರಿ ನನ್ನ ಕಿವಿಗೆ ಹೂವಿಟ್ರಿ. ಗಂಡನ ಅನ್ನ ತಿಂದು ಮೈದುನನ ಜೊತೆ ಸೇರಿ ಪಿತೂರಿ."

"ಅನ್ನ ಎಲ್ಲಿಂದ ಬಂತು ಅಂತ ಯೋಚನೆ ಮಾಡಿದ್ದೀರಾ? ಗೋಡೆ ಎದ್ದ ಹೊಸದರಲ್ಲಿ ಒಬ್ಬರಾದ್ರೂ ಕೊಂಡ್ರಾ? ಬಂದರು, ಕೂತರು, ಮುಖ ಸಿಂಡರಿಸಿಕೊಂಡು ಹೋದರು. ನೀವು ಅವರಿಗೆಲ್ಲ ಕಿವುಡರು ಅಂದ್ರಿ. ಅಂಗಡಿ ಮುಚ್ಚೋದೊಂದು ಬಾಕಿ ಇತ್ತು. ನಾನೇ ಹೋಗಿ ಅವನ್ನ ಕೇಳ್ದೆ."

"ಅವನು ಒಪ್ಪಿಬಿಟ್ನಾ? ಅಣ್ಣನ ಮೇಲಿನ ಪ್ರೀತಿಗೆ?"

"ಪ್ರೀತಿಯಂತೆ. ಹಠಕ್ಕೆ ಒಪ್ಪಿದ. ನಿಮ್ಮನ್ನ ಗೆಲ್ಲಬೇಕಿತ್ತು, ದಿನಾ ಗೆದ್ದ. ಮನೇಲಿ ಬೇಸ್ ಇಲ್ಲ ಅಂತ ಬಂದವರನ್ನೆಲ್ಲ ನಾನು ಅವನ ಅಂಗಡಿಗೇ ಕಳಿಸಿದೆ, ಅದಕ್ಕೂ ಒಪ್ಪಿದ. ನಿಮಗೆ ಹೇಳಿ ನಗಬೇಕು ಅಂತ ಅವನಿಗೆ ನಾಲಿಗೆ ತುರಿಸೋದು. ನಾನೇ ಬೇಡ ಅಂದಿದ್ದು."

"ನನ್ನ ಮರ್ಯಾದೆ ಉಳಿಸೋಕೆ ಬೇರೆ" ಎಂದು ಅವನು ವಕ್ರವಾಗಿ ನಕ್ಕ. "ಕುಕ್ಕರ್ ಸೀಟಿ ಕೇಳೋ ಕಿವಿಯಿಂದ."

"ಇಷ್ಟು ವರ್ಷದಲ್ಲಿ ಒಂದು ದಿನ ಅನ್ನ ಸೀದಿದೆಯಾ?" ಎಂದಳು ಅವಳು.

ಅವನು ಜೇಬಿನಿಂದ ಚಾಕು ತೆಗೆದು ಬಿಚ್ಚಿ, ಅವಳ ಕಣ್ಣೆದುರೇ ಕೆಂಪು ಚುಕ್ಕಿಗಳನ್ನು ಒಂದೊಂದಾಗಿ ಕೆರೆದು ಹಾಕಿದ. ತಿರುಪನ್ನು ಸರ್ರನೆ ತಿರುಗಿಸಿ ಬಿಟ್ಟ. ಅವಳು ಬಾಯಿ ಮಾತಿಗೂ ತಡೆಯಲಿಲ್ಲ. ಬೀಗದ ಕೈಯನ್ನು ಬಾಗಿಲಲ್ಲೇ ಬಿಟ್ಟು ಹೊರಟುಹೋದಳು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ತಟ್ಟೆ ಲೋಟಗಳು ಮಾತಾಡಿದವೇ ಹೊರತು ಮನುಷ್ಯರು ಮಾತಾಡಲಿಲ್ಲ. ಸಿಟ್ಟು ತಡೆಯಲಾರದೆ ಒಂದು ಸಂಜೆ ತಮ್ಮನಿಗೆ ಫೋನು ಮಾಡಿದ.

"ಯಾರು?"

"ನಿನ್ನ ಅಣ್ಣ ಕಣೋ, ಕಳ್ಳ ನನ್ಮಗನೆ."

"ನನಗೆ ಅಣ್ಣ ಇಲ್ಲ. ಪಕ್ಕದ ಅಂಗಡೀಲಿ ಒಬ್ಬ ಕಿವುಡ ಇದ್ದಾನೆ, ಅವನಾ?" ತಮ್ಮನ ದನಿಯಲ್ಲಿ ವರ್ಷಗಟ್ಟಲೆ ಬಚ್ಚಿಟ್ಟ ಖುಷಿ ಉಕ್ಕುತ್ತಿತ್ತು. "ಗೊತ್ತಾಯ್ತು ಅನ್ನು. ನಾನು ಬಿದ್ದಿದ್ದಕ್ಕೆ ಗೊತ್ತಾಯ್ತು, ಇಲ್ಲದಿದ್ರೆ ಸಾಯೋವರೆಗೂ ಗೊತ್ತಾಗ್ತಿರ್ಲಿಲ್ಲ. ಅದಿರಲಿ. ಕುರ್ಚಿ ಬಿಟ್ಟು ಎದ್ಯಾ?"

ಕಿವಿಯಪ್ಪ ಫೋನು ಇಟ್ಟುಬಿಟ್ಟ.

ಎದ್ದಿರಲಿಲ್ಲ. ಅಂಗಡಿಯಲ್ಲಿ ಒಬ್ಬನೇ ಕುರ್ಚಿಯಲ್ಲಿ ಕೂತು, ತಾನು ಆರಿಸಿ ತಂದ ಸ್ಪೀಕರುಗಳನ್ನು ಅವುಗಳ ಪಾಡಿಗೆ ಅವು ಹಾಡುವಂತೆ ಕೇಳಿದ. ಹಾಡುವವಳ ಉಸಿರು ಕೇಳುತ್ತಿತ್ತು, ತಂತಿಯ ಮೇಲೆ ಉಗುರು ತಾಗಿದ್ದು ಕೇಳುತ್ತಿತ್ತು. ಒಳ್ಳೆಯ ಸ್ಪೀಕರುಗಳೇ, ಅದರಲ್ಲಿ ಸುಳ್ಳಿಲ್ಲ. ಆದರೆ ಮನೆ ಇದೆ, ಪಾಯ ಇಲ್ಲ. ಎಷ್ಟು ಹಾಡು ಬದಲಾಯಿಸಿದರೂ ಪಾಯ ಬರಲಿಲ್ಲ. ಎದ್ದು ಹೋಗಿ, ತಮ್ಮನ ಮೇನ್ ಸ್ವಿಚ್ ಹಾಕಿ, ತಾನೇ ತಿರುಪು ತಿರುಗಿಸಿ ಬಂದು ಕೂತ. ಡಬ್ಬಿ ಗುಡುಗಿತು. ಮತ್ತೆ ಹೋಗಿ ಇಳಿಸಿ ಬಂದ. ಸತ್ತೇಹೋಯಿತು. ಅಲ್ಲಿಂದ ಇಲ್ಲಿಗೆ ಬಂದು ಕೂರುವಷ್ಟರಲ್ಲಿ ಹಿಂದಿನದು ಹೇಗಿತ್ತೆಂಬುದೇ ಮರೆಯುತ್ತಿತ್ತು. ಯಾವುದು ಸರಿ? ಒಮ್ಮೆ ಇದು ಅನ್ನಿಸಿತು, ಒಮ್ಮೆ ಅದು. ಹೋಗಿ ಬಂದು ಹೋಗಿ ಬಂದು ಕಾಲು ಸೋತಿತು. ಚುಕ್ಕಿಗಳಿದ್ದ ಜಾಗದಲ್ಲಿ ಬರೀ ಗೀರುಗಳಿದ್ದವು.

ಹೇಳಿದ ದಿನ ಹಲ್ಲಿನ ಡಾಕ್ಟರು ಬಂದರು. "ಏನ್ರೀ, ಇವತ್ತು ಯಾವ ಪೆಟ್ಟಿಗೆ ಇಟ್ಟಿದ್ದೀರಿ?" ಎನ್ನುತ್ತಲೇ ಕುರ್ಚಿಯತ್ತ ಹೊರಟರು.

"ಅಲ್ಲಿ ಕೂರಬೇಡಿ" ಎಂದ ಕಿವಿಯಪ್ಪ.

"ಯಾಕೆ, ಅದೂ ಬದಲಾಯಿಸಿದ್ದೀರಾ?"

ಕಿವಿಯಪ್ಪ ಕೌಂಟರಿನ ಕಡೆ ತಿರುಗಿದ. ಹೆಂಡತಿ ತಲೆ ಎತ್ತಲಿಲ್ಲ. "ಬಾ" ಎಂದ. ಅವಳು ಅಲ್ಲಾಡಲಿಲ್ಲ. ಅವನು ಕುರ್ಚಿಯ ಕಡೆ ಕೈ ತೋರಿಸಿದ. "ಒಳಗೆ ಬಾ. ಬಂದು ಕೂತ್ಕೋ."

ಅವಳು ಪೆನ್ನಿನ ಮುಚ್ಚಳ ಹಾಕಿ, ಎದ್ದು ಬಂದು, ಕುರ್ಚಿಯಲ್ಲಿ ಕೂತಳು. ಹೇಗೆ ಕೂರಬೇಕು, ತಲೆ ಎಲ್ಲಿ ಒರಗಿಸಬೇಕು ಎಂದು ಅವಳಿಗೆ ಗೊತ್ತಿತ್ತು. ಕುರ್ಚಿಗೂ ಗೊತ್ತಿದ್ದ ಹಾಗಿತ್ತು.

"ಈ ಸ್ಪೀಕರಿಗೆ ಒಂದು ಡಬ್ಬಿ ಬೇಕು ಸ್ವಾಮಿ" ಎಂದ ಕಿವಿಯಪ್ಪ ಡಾಕ್ಟರಿಗೆ. ಪ್ರತಿ ಮಾತೂ ಹಲ್ಲು ಕೀಳಿಸಿಕೊಂಡ ಹಾಗೆ ಬಂತು. "ಬೇಡ ಅಂದಿದ್ದೆ. ಬೇಕು. ಡಬ್ಬಿ ಪಕ್ಕದ ಅಂಗಡೀದು. ಹೊಂದಿಸೋದು ಇವಳು."

ಡಾಕ್ಟರು ಗಂಡನನ್ನೂ ಹೆಂಡತಿಯನ್ನೂ ನೋಡಿದರು. "ಹಾಗಾದ್ರೆ ನೀವೇನು ಮಾಡ್ತೀರಿ ಇಲ್ಲಿ?"

"ತಿರುಪು ತಿರುಗಿಸ್ತೀನಿ."

ಅವರ ನಗು ಬೀದಿಯವರೆಗೂ ಕೇಳಿತು. ಕಿವಿಯಪ್ಪ ಸೀಡಿ ಹಾಕಿ ಹೊರಗೆ ಬಂದು, ಕಿವಿಗೆ ಹತ್ತಿ ಇಡುವುದನ್ನೂ ಮರೆತು, ತಮ್ಮನ ಬಾಗಿಲು ತೆರೆದು ಹಿಂದಿನ ಮೂಲೆಗೆ ಹೋದ. ಡಬ್ಬಿಯ ಹಿಂದೆ ಮಂಡಿಯೂರಿ ತಿರುಪಿನ ಮೇಲೆ ಬೆರಳಿಟ್ಟ. ಗೋಡೆಯಾಚೆ ನಗಾರಿಗಳು ದೂರದಿಂದ ಬರುತ್ತಿದ್ದವು. ಇಲ್ಲಿಂದ ಕೇಳಿದರೆ ಬರೀ ಗುಮ್ಮೆನ್ನುವ ಸದ್ದು, ತಲೆಬುಡ ತಿಳಿಯದು.

ಗೋಡೆಗೆ ಒಂದು ಸಲ ತಟ್ಟಿದ ಸದ್ದಾಯಿತು. ಅವನು ಏರಿಸಿದ. ಮತ್ತೊಂದು ಸಲ. ಏರಿಸಿದ. ಆಮೇಲೆ ಎರಡು ಸಲ, ಸ್ವಲ್ಪ ಜೋರಾಗಿ, ಅವಸರ ಮಾಡಬೇಡ ಎನ್ನುವಂತೆ. ಕೂದಲೆಳೆಯಷ್ಟು ಇಳಿಸಿದ.

ಮತ್ತೆ ತಟ್ಟಲಿಲ್ಲ. ಹಾಡು ನಡೆದೇ ಇತ್ತು. ಸರಿ ಆದರೆ ತಟ್ಟುವುದಿಲ್ಲ ಎಂದು ಅವಳೇ ಹೇಳಿದ್ದಳು. ಆದರೂ ತಿರುಪಿನಿಂದ ಬೆರಳು ತೆಗೆಯಲು ಧೈರ್ಯ ಬರಲಿಲ್ಲ ಅವನಿಗೆ, ಮಂಡಿಯೂರಿಕೊಂಡೇ ಪ್ಲೈವುಡ್ಡಿಗೆ ಕಿವಿಯಿಟ್ಟು ಕಾದ.